ಕಟ್ಟಡ ಗಟ್ಟಿಯಾಗೇ ಇತ್ತು, ದಡ ಉಳಿಯಲಿಲ್ಲ: 2023ರ ಬಿಯಾಸ್ ನೆರೆ, ಒಂದು ಪ್ರಕರಣ ಅಧ್ಯಯನ

2023ರ ಜುಲೈ 9, ಭಾನುವಾರ. ಆ ದಿನ ಹಿಮಾಚಲ ಪ್ರದೇಶದ ಮನಾಲಿ, ಕುಲ್ಲು ಕಡೆ ಬಿಯಾಸ್ ನದಿ ಉಕ್ಕಿದ ವಿಡಿಯೊಗಳು ನಿಮ್ಮ ಮೊಬೈಲಿಗೂ ಬಂದಿರುತ್ತವೆ. ಕೆಸರು ಬಣ್ಣದ ನೀರು, ಅದರಲ್ಲಿ ಉರುಳಿಕೊಂಡು ಹೋಗುವ ಮರದ ದಿಮ್ಮಿಗಳು, ದಡದ ಮೇಲೆ ಒಂದು ಬಹುಮಹಡಿ ಕಟ್ಟಡ. ಕಟ್ಟಡ ಮೊದಲು ಸ್ವಲ್ಪ ವಾಲುತ್ತದೆ. ಆಮೇಲೆ ಅದು ಮಹಡಿ ಮಹಡಿಯಾಗಿ ಕುಸಿಯುವುದಿಲ್ಲ. ಇಡೀ ಕಟ್ಟಡ ಹೆಚ್ಚುಕಮ್ಮಿ ಒಂದೇ ತುಂಡಾಗಿ ನದಿಗೆ ಬೀಳುತ್ತದೆ.

ಎಲ್ಲರೂ ನೀರಿನ ರಭಸ ನೋಡಿ ಬೆಚ್ಚಿಬಿದ್ದರು. ಕಟ್ಟಡ ಕೆಲಸ ಬಲ್ಲವರು ನೋಡಬೇಕಾದದ್ದು ಆ ಬೀಳುವ ರೀತಿಯನ್ನು. ಪಿಲ್ಲರ್, ಬೀಮು, ಸ್ಲ್ಯಾಬು ಒಂದಕ್ಕೊಂದು ಬಿಗಿಯಾಗಿ ಹಿಡಿದುಕೊಂಡೇ ಇದ್ದವು. ಸೋತದ್ದು ಕೆಳಗಿನ ನೆಲ. ಬೆಟ್ಟದ ಸೀಮೆಯ ನೆರೆಗೂ ನಮ್ಮ ಬಯಲಿನ ನೆರೆಗೂ ಇರುವ ದೊಡ್ಡ ವ್ಯತ್ಯಾಸ ಇದು. ಇದನ್ನು ಸರಿಯಾಗಿ ತಿಳಿದುಕೊಳ್ಳದೆ ನದಿ ಪಕ್ಕ ಸೈಟು ತೆಗೆದುಕೊಳ್ಳುವವರು, ರೆಸಾರ್ಟ್ ಕಟ್ಟುವವರು ನಮ್ಮಲ್ಲೂ ಜಾಸ್ತಿ ಆಗುತ್ತಿದ್ದಾರೆ. ಹಾಗಾಗಿ ಈ ಪ್ರಕರಣವನ್ನು ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಜಾಗ. ಬಿಯಾಸ್ ನದಿ ಹುಟ್ಟುವುದು ರೋಹ್ತಂಗ್ ಕಣಿವೆಮಾರ್ಗದ ಆಸುಪಾಸಿನಲ್ಲಿ. ಮನಾಲಿ ಇರುವುದು ಸಮುದ್ರಮಟ್ಟದಿಂದ ಸುಮಾರು 2,050 ಮೀಟರ್ ಎತ್ತರದಲ್ಲಿ, ಕುಲ್ಲು ಪಟ್ಟಣ ಸುಮಾರು 1,250 ಮೀಟರಿನಲ್ಲಿ. ನಡುವಿನ ದೂರ 40 ಕಿಲೋಮೀಟರ್. ಅಂದರೆ ಪ್ರತಿ ಕಿಲೋಮೀಟರಿಗೆ ನದಿ ಸರಾಸರಿ 20 ಮೀಟರ್ ಇಳಿಯುತ್ತದೆ. ನಮ್ಮ ಕಾವೇರಿ ಕುಶಾಲನಗರದಿಂದ ಕನ್ನಂಬಾಡಿ ತಲುಪುವವರೆಗಿನ, ಇದಕ್ಕಿಂತ ಉದ್ದದ ದಾರಿಯಲ್ಲಿ ಇಳಿಯುವುದು ಒಟ್ಟು ನೂರು ಮೀಟರಿನ ಆಸುಪಾಸು. ಈ ಎರಡು ನದಿಗಳಲ್ಲಿ ನೆರೆ ಬಂದಾಗ ಆಗುವುದು ಒಂದೇ ಅಂತ ಅಂದುಕೊಳ್ಳುವುದೇ ತಪ್ಪು.

ಆ ವಾರ ಆದದ್ದೇನೆಂದರೆ, ಪಶ್ಚಿಮದಿಂದ ಬಂದ ವಾಯುಭಾರ ಕುಸಿತವೂ ಮುಂಗಾರೂ ಹಿಮಾಚಲದ ಮೇಲೆ ಒಟ್ಟಿಗೆ ಸೇರಿಕೊಂಡವು. ಮನಾಲಿಯಲ್ಲಿ ಒಂದೇ ದಿನ 131 ಮಿಲಿಮೀಟರ್ ಮಳೆ ದಾಖಲಾಯಿತು. ಅಲ್ಲಿಯವರೆಗಿನ ಜುಲೈ ದಾಖಲೆ 1971ರ 105 ಮಿಲಿಮೀಟರ್. ಆಗುಂಬೆ, ಭಾಗಮಂಡಲದವರಿಗೆ 131 ಏನು ಮಹಾ ಅನ್ನಿಸಬಹುದು, ಅಲ್ಲಿ ಆಟಿ ತಿಂಗಳಲ್ಲಿ ಅಷ್ಟು ಮಳೆ ಸಾಮಾನ್ಯ. ಆದರೆ ಸಹ್ಯಾದ್ರಿಯ ಹಳ್ಳ ಹೊಳೆಗಳು ಅಷ್ಟು ನೀರನ್ನು ಪ್ರತಿವರ್ಷ ಸಾಗಿಸಿ ಸಾಗಿಸಿ ತಮ್ಮ ಪಾತ್ರವನ್ನು ಅದಕ್ಕೆ ತಕ್ಕ ಹಾಗೆ ಮಾಡಿಕೊಂಡಿವೆ. ಮನಾಲಿ ಸುತ್ತಲಿನ ಕಡಿದಾದ ಬೆಟ್ಟಗಳಲ್ಲಿ ಸಡಿಲ ಮಣ್ಣು, ಹಿಮನದಿ ಬಿಟ್ಟುಹೋದ ಕಲ್ಲುರಾಶಿ ಜಾಸ್ತಿ. ಮಳೆ ಬಿದ್ದ ಕೆಲವೇ ಗಂಟೆಗಳಲ್ಲಿ ನೀರು, ಕಲ್ಲು, ಮಣ್ಣು, ಮರ ಎಲ್ಲ ಸೇರಿ ಕೆಳಗೆ ಬರುತ್ತದೆ. ಅಲ್ಲಿಯವರು ಸಣ್ಣ ತೊರೆಗೆ ನಾಲಾ, ಅದಕ್ಕಿಂತ ದೊಡ್ಡದಕ್ಕೆ ಖಡ್ ಅನ್ನುತ್ತಾರೆ. ಅವತ್ತು ಮುಖ್ಯ ನದಿಯಷ್ಟೇ ಅನಾಹುತವನ್ನು ಈ ನಾಲಾ, ಖಡ್ಡುಗಳೂ ಮಾಡಿದವು.

ಹಾನಿಯ ಪಟ್ಟಿ ದೊಡ್ಡದು. ಕುಲ್ಲು–ಮನಾಲಿ ನಡುವಿನ ರಾಷ್ಟ್ರೀಯ ಹೆದ್ದಾರಿ 3 ಹಲವು ಕಡೆ ಕಾಣೆಯಾಯಿತು. ಡಾಂಬರು ಕಿತ್ತುಹೋದದ್ದಷ್ಟೇ ಅಂದುಕೊಳ್ಳಬೇಡಿ. ರಸ್ತೆ ಇದ್ದ ಜಾಗದಲ್ಲಿ ನದಿ ಹರಿಯುತ್ತಿತ್ತು. ಮನಾಲಿಗೆ ಹೊರಜಗತ್ತಿನ ಜೊತೆ ವಿದ್ಯುತ್ತು, ಫೋನು, ರಸ್ತೆ ಮೂರೂ ಕಡಿದುಹೋದವು. ಔಟ್ ಎಂಬ ಊರಿನ ಬಳಿ ಬಂಜಾರ್ ಕಡೆಗೆ ಹೋಗುವ ಸೇತುವೆ ಬಿತ್ತು. ಪಂಡೋಹ್‌ನ ಸುಮಾರು ನೂರು ವರ್ಷದ ಕೆಂಪು ಕಬ್ಬಿಣದ ಸೇತುವೆ ಹೋಯಿತು, ಪೇಟೆಗೆ ನೀರು ನುಗ್ಗಿತು. ಲಾರ್ಜಿಯ 126 ಮೆಗಾವ್ಯಾಟ್ ವಿದ್ಯುದಾಗಾರಕ್ಕೆ ನೀರೂ ಹೂಳೂ ತುಂಬಿಕೊಂಡಿತು. ಉಪನದಿ ದಡದ ಸೈಂಜ್ ಪೇಟೆಯಲ್ಲಿ ಮನೆ, ಅಂಗಡಿಗಳು ಸಾಲಾಗಿ ಹೋದವು. ಸಾವಿರಾರು ಪ್ರವಾಸಿಗರು ಅಲ್ಲಲ್ಲೇ ಸಿಕ್ಕಿಹಾಕಿಕೊಂಡರು. ಹೆದ್ದಾರಿ ನಿಂತುಹೋದಾಗ ನೆರವಾದದ್ದು ನದಿಯ ಆಚೆ, ಎಡದಂಡೆಯಲ್ಲಿ ನಗ್ಗರ್ ಮೇಲೆ ಹೋಗುವ ಹಳೆಯ ಕಿರಿದಾದ ರಸ್ತೆ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಗಟ್ಟಿ ಕಾಂಕ್ರೀಟ್ ಕಟ್ಟಡ ಹೇಗೆ ಬೀಳುತ್ತದೆ?

ಕುಲ್ಲು ಕಣಿವೆಯ ತಳ ಬಂಡೆಯಲ್ಲ. ಸಾವಿರಾರು ವರ್ಷಗಳಿಂದ ನದಿಯೂ ಹಿಮನದಿಯೂ ತಂದು ಹಾಕಿದ ಗುಂಡುಕಲ್ಲು, ಜಲ್ಲಿ, ಮರಳಿನ ರಾಶಿ ಅದು. ರಸ್ತೆಗಾಗಿ ದಡ ಕಡಿದಿರುವ ಕಡೆ ನಿಂತು ನೋಡಿದರೆ ಇದು ಸ್ಪಷ್ಟವಾಗಿ ಕಾಣುತ್ತದೆ. ಮೇಲೆ ಒಂದು ಮೊಳ ಮಣ್ಣು, ಅದರಲ್ಲಿ ಸೇಬಿನ ಗಿಡದ ಬೇರು. ಅದರ ಕೆಳಗೆ ಮುಷ್ಟಿಗಾತ್ರದಿಂದ ಹಿಡಿದು ಗ್ಯಾಸ್ ಸಿಲಿಂಡರ್ ಗಾತ್ರದವರೆಗಿನ ನುಣ್ಣನೆ ಕಲ್ಲುಗಳು, ಅವುಗಳ ಸಂದಿಯಲ್ಲಿ ಬೂದು ಮರಳು. ಬೆರಳಲ್ಲಿ ಕೆರೆದರೆ ಮರಳು ಉದುರುತ್ತದೆ, ಮರಳು ಉದುರಿದರೆ ಕಲ್ಲು ಸಡಿಲವಾಗುತ್ತದೆ. ಒಣಗಿದ್ದಾಗ ಈ ನೆಲ ಒಳ್ಳೇ ಭಾರ ಹೊರುತ್ತದೆ. ಎಂಜಿನಿಯರ್ ಪರೀಕ್ಷೆ ಮಾಡಿದರೂ ಪಾಸಾಗುತ್ತದೆ. ನುಣ್ಣಗಿನ ಆ ಕಲ್ಲುಗಳು ಮಾತ್ರ ಒಂದು ವಿಷಯ ಹೇಳುತ್ತವೆ: ಇಲ್ಲಿ ಹಿಂದೊಮ್ಮೆ ನದಿ ಹರಿದಿತ್ತು.

ಮೂರು ನಾಲ್ಕು ಮಹಡಿಯ ಹೋಟೆಲ್‌ಗೆ ಸಾಮಾನ್ಯವಾಗಿ ಪ್ರತಿ ಪಿಲ್ಲರಿಗೆ ಒಂದೊಂದು ಫುಟಿಂಗ್, ಅಂದರೆ ಪಿಲ್ಲರಿನ ಬುಡಕ್ಕೆ ಅಗಲವಾದ ಕಾಂಕ್ರೀಟ್ ಪಾದ, ಹಾಕುತ್ತಾರೆ. ಆಳ ಐದಾರು ಅಡಿ, ಹೆಚ್ಚೆಂದರೆ ಎಂಟು. ನೆರೆ ಬಂದಾಗ ನದಿ ಮೊದಲು ದಡದ ಬುಡವನ್ನು ಕೊರೆಯುತ್ತದೆ. ಬುಡ ಹೋದರೆ ಮೇಲಿನ ಮಣ್ಣು ಕಡಿದು ಬೀಳುತ್ತದೆ, ಬಿದ್ದ ಮಣ್ಣನ್ನು ನೀರು ಕ್ಷಣದಲ್ಲಿ ತೊಳೆದುಕೊಂಡು ಹೋಗುತ್ತದೆ, ಮತ್ತೆ ಬುಡ ಬಯಲಾಗುತ್ತದೆ, ಮತ್ತೆ ಕೊರೆತ. ಹೀಗೆ ದಡ ಹಿಂದೆ ಹಿಂದೆ ಸರಿಯುತ್ತಾ ನದಿ ಕಡೆಯ ಪಿಲ್ಲರ್ ಸಾಲಿನ ಹತ್ತಿರ ಬರುತ್ತದೆ. ಸಮುದ್ರದಂಡೆಯಲ್ಲಿ ನಿಂತಾಗ ಅಲೆ ಹಿಂದೆ ಹೋಗುತ್ತಾ ಹಿಮ್ಮಡಿ ಕೆಳಗಿನ ಮರಳನ್ನು ಎಳೆದುಕೊಂಡು ಹೋಗುತ್ತದಲ್ಲ, ನಾವು ಅಲುಗಾಡದೆ ನಿಂತಿದ್ದರೂ ವಾಲುತ್ತೇವಲ್ಲ, ಕಟ್ಟಡಕ್ಕೂ ಹಾಗೇ. ಫುಟಿಂಗಿನ ಕೆಳಗೆ ಗಾಳಿ ಬಂದ ಮೇಲೆ ಆ ಪಿಲ್ಲರ್ ಭಾರ ಹೊರುವುದಿಲ್ಲ, ಬದಲಿಗೆ ಮೇಲಿಂದ ಜೋತುಬೀಳುತ್ತದೆ. ಸ್ವಲ್ಪ ಹೊತ್ತು ಬೀಮುಗಳು ಅದನ್ನು ಎತ್ತಿ ಹಿಡಿಯುತ್ತವೆ. ಎರಡನೇ ಸಾಲಿನ ಬುಡವೂ ಹೋಯಿತೋ, ಇಡೀ ಕಟ್ಟಡ ನದಿ ಕಡೆಗೆ ಮಗುಚುತ್ತದೆ. ಒಳ್ಳೆಯ ಕಬ್ಬಿಣ ಹಾಕಿ ಕಟ್ಟಿದ ಕಟ್ಟಡ ಒಂದೇ ತುಂಡಾಗಿ ಬೀಳುವುದು ಇದೇ ಕಾರಣಕ್ಕೆ. ಜಾಸ್ತಿ ಸಿಮೆಂಟ್, ದಪ್ಪ ಕಂಬಿ ಹಾಕಿದ್ದರೆ ಉಳಿಯುತ್ತಿತ್ತು ಅನ್ನುವ ಮಾತಿಗೆ ಇಲ್ಲಿ ಅರ್ಥವಿಲ್ಲ.

ನೀರಿನ ನೇರ ಹೊಡೆತವೂ ಸಣ್ಣದೇನಲ್ಲ. ಸೆಕೆಂಡಿಗೆ ಐದು ಮೀಟರ್ ವೇಗದ ನೀರು ಗೋಡೆಗೆ ಬಡಿದರೆ ಪ್ರತಿ ಚದರ ಮೀಟರಿಗೆ ಒಂದೂಕಾಲು ಟನ್ನಿನಷ್ಟು ಒತ್ತಡ ಬರುತ್ತದೆ. ಆರಿಂಚಿನ ಇಟ್ಟಿಗೆ ಗೋಡೆ ಅದನ್ನು ತಡೆಯುವುದಿಲ್ಲ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಇನ್ನು ನೀರು ಉರುಳಿಸಬಲ್ಲ ಕಲ್ಲಿನ ತೂಕದ ಲೆಕ್ಕ ಕೇಳಿದರೆ ಗಾಬರಿಯಾಗುತ್ತದೆ. ವೇಗ ಎರಡು ಪಟ್ಟಾದರೆ ಆ ತೂಕ 64 ಪಟ್ಟಾಗುತ್ತದೆ ಅನ್ನುವುದು ನದಿಶಾಸ್ತ್ರದ ಹಳೆಯ ಸೂತ್ರ. ಅದಕ್ಕೇ ಬೆಟ್ಟದ ನೆರೆಯಲ್ಲಿ ನೀರಿನ ಸದ್ದಿನ ಕೆಳಗೆ ಇನ್ನೊಂದು ಗುಡುಗುಡು ಸದ್ದು ಇರುತ್ತದೆ. ಅದು ನದಿತಳದಲ್ಲಿ ಬಂಡೆಗಳು ಒಂದಕ್ಕೊಂದು ಬಡಿದುಕೊಂಡು ಉರುಳುವ ಸದ್ದು.

ಹಾನಿ ಎಲ್ಲಾ ಕಡೆ ಒಂದೇ ಥರ ಇರಲಿಲ್ಲ ಅನ್ನುವುದನ್ನೂ ಗಮನಿಸಬೇಕು. ನದಿ ತಿರುಗುವ ಕಡೆ ನೀರಿನ ವೇಗ ಇರುವುದು ತಿರುವಿನ ಹೊರದಡದಲ್ಲಿ. ಕೊರೆತವೂ ಅಲ್ಲೇ. ಒಳದಡದಲ್ಲಿ ನೀರು ನಿಧಾನವಾಗಿ ಕಲ್ಲು ಮರಳು ತಂದು ಗುಡ್ಡೆ ಹಾಕುತ್ತದೆ. ಒಂದು ದಡದಲ್ಲಿ ಕಟ್ಟಡ ಬುಡಸಮೇತ ಹೋಗಿ, ಎದುರು ದಡದಲ್ಲಿ ನೆಲಮಹಡಿಗೆ ಹೂಳು ತುಂಬಿಕೊಂಡು ಮೇಲಿನ ಮಹಡಿ ಹಾಗೇ ನಿಂತಿರುವುದು ಇದರಿಂದಲೇ. ಮೂರನೆಯ ಬಗೆ ನಾಲಾ ಬಂದು ನದಿ ಸೇರುವ ಜಾಗ. ಅಲ್ಲಿ ಬೀಸಣಿಗೆ ಆಕಾರದ ಸಮತಟ್ಟು ನೆಲ ಸಿಗುತ್ತದೆ. ಬೆಟ್ಟದ ನಾಡಿನಲ್ಲಿ ಸಮತಟ್ಟು ನೆಲಕ್ಕೆ ಬೆಲೆ ಜಾಸ್ತಿ, ಹಾಗಾಗಿ ಪೇಟೆಗಳು ಬೆಳೆಯುವುದೇ ಅಲ್ಲಿ. ಆ ನೆಲ ಸಮತಟ್ಟಾದದ್ದು ನಾಲಾ ಹಿಂದೆ ಎಷ್ಟೋ ಸಲ ಕಲ್ಲುಮಣ್ಣು ತಂದು ಸುರಿದಿದ್ದರಿಂದ. ಮತ್ತೆ ತರುವುದಿಲ್ಲ ಅಂತ ಯಾರು ಹೇಳಬಲ್ಲರು?

ಹಳೆಯವರು ಈ ಲೆಕ್ಕವನ್ನು ಪಾಲಿಸಿದ್ದರು. ಕುಲ್ಲು ಕಣಿವೆಯ ಹಳೆಯ ಊರುಗಳು ಬಹುಪಾಲು ನದಿಯಿಂದ ಎತ್ತರದಲ್ಲಿವೆ. ಕುಲ್ಲು ಅರಸರ ಹಳೆಯ ರಾಜಧಾನಿ ನಗ್ಗರ್ ನೋಡಿ, ಬಿಯಾಸ್ ಅಲ್ಲಿಂದ ಕೆಳಗೆಲ್ಲೋ ಬೆಳ್ಳಿ ಗೆರೆಯಂತೆ ಕಾಣುತ್ತದೆ. ಕಲ್ಲು ಮತ್ತು ದೇವದಾರು ತೊಲೆಗಳನ್ನು ಒಂದರ ಮೇಲೊಂದು ಅಡ್ಡಡ್ಡ ಕೂರಿಸಿ ಕಟ್ಟುವ ಕಾಠ್‌ಕುನಿ ಮನೆಗಳು ಇರುವುದೂ ಅಂಥ ಎತ್ತರದ ಊರುಗಳಲ್ಲೇ. ನದಿ ಪಕ್ಕದ ನೆಲ ಗದ್ದೆಗೆ, ತೋಟಕ್ಕೆ, ದನ ಮೇಯಿಸುವುದಕ್ಕೆ. ನೆರೆ ಬಂದರೆ ಬೆಳೆ ಹೋಗುತ್ತಿತ್ತು, ಮನೆ ಹೋಗುತ್ತಿರಲಿಲ್ಲ. ರಸ್ತೆ ಕೆಳಗೆ ನದಿಗುಂಟ ಬಂದ ಮೇಲೆ, ಅದರ ಹಿಂದೆ ಪ್ರವಾಸಿಗರು ಬಂದ ಮೇಲೆ ವ್ಯಾಪಾರವೆಲ್ಲ ಕೆಳಗಿಳಿಯಿತು. ನದಿ ಕಾಣುವ ಬಾಲ್ಕನಿಗೆ ಬಾಡಿಗೆ ಜಾಸ್ತಿ. ನಾವೂ ಬುಕಿಂಗ್ ಮಾಡುವಾಗ ಅದನ್ನೇ ಕೇಳಿದ್ದೇವೆ ಅಲ್ವಾ? ಹೋಟೆಲಿನವರನ್ನು ಮಾತ್ರ ಬೈದರೆ ಆಗುವುದಿಲ್ಲ.

ನೆರೆ ಹೊಸದಾಗಿರಲಿಲ್ಲ ಅನ್ನುವುದನ್ನೂ ಹೇಳಬೇಕು. 1995ರ ಸೆಪ್ಟೆಂಬರಿನಲ್ಲಿ ಬಿಯಾಸ್ ಇದೇ ರಸ್ತೆಯನ್ನು ಕೊಚ್ಚಿತ್ತು. 2018ರ ಸೆಪ್ಟೆಂಬರಿನಲ್ಲಿ ಮತ್ತೆ ಉಕ್ಕಿತ್ತು. ಕುಲ್ಲು ಜಿಲ್ಲೆಯಲ್ಲಿ ನದಿ ದಡದ ಮರಗಳ ಮೇಲೆ ನೆರೆಯ ಕಲ್ಲು ಬಡಿದು ಆದ ಗಾಯಗಳನ್ನು, ಆ ಮರಗಳ ಉಂಗುರಗಳನ್ನು ಓದಿ ಹಿಂದಿನ ನೆರೆಗಳ ಇಸವಿ ಗುರುತಿಸಿದ ಸಂಶೋಧಕರೂ ಇದ್ದಾರೆ. ಮಾಹಿತಿ ಇತ್ತು. ಕಟ್ಟಡಕ್ಕೆ ಅನುಮತಿ ಕೊಡುವ ಮೇಜಿನವರೆಗೆ ಅದು ಬರಲಿಲ್ಲ. ಆ ಮೇಜಿಗೆ ನದಿ ಯಾವ್ಯಾವ ವರ್ಷ ಎಲ್ಲಿಯವರೆಗೆ ಬಂದಿತ್ತು ಅನ್ನುವ ನಕ್ಷೆ ಒಂದನ್ನು ತಂದು ಅಂಟಿಸಿದ್ದರೆ ಎಷ್ಟೋ ಕಟ್ಟಡ ಅಲ್ಲಿ ಏಳುತ್ತಲೇ ಇರಲಿಲ್ಲ ಅಂತ ನನ್ನ ನಂಬಿಕೆ.

ಕುಲ್ಲುವಿಗಿಂತ ಕೆಳಗೆ ಬಿಯಾಸ್ ದಡದಲ್ಲೇ ಇರುವ ಮಂಡಿ ಪಟ್ಟಣದ ಪಂಚವಕ್ತ್ರ ದೇವಸ್ಥಾನದ ಬಗ್ಗೆ ಆಗ ತುಂಬ ಮಾತಾಯಿತು. ಸುಕೇತಿ ಖಡ್ಡು ಬಿಯಾಸ್ ಸೇರುವಲ್ಲಿರುವ ಈ ಕಲ್ಲಿನ ಶಿವಾಲಯ 16ನೇ ಶತಮಾನದ್ದು. ಆ ದಿನ ಶಿಖರದವರೆಗೂ ನೀರು ಸುತ್ತಿಕೊಂಡಿತು, ಪಕ್ಕದ ಕಾಲುಸೇತುವೆ ಹೋಯಿತು, ದೇವಸ್ಥಾನ ಉಳಿಯಿತು. 2013ರ ನೆರೆಯಲ್ಲಿ ಹೀಗೇ ಉಳಿದ ಕೇದಾರನಾಥ ದೇವಸ್ಥಾನವನ್ನು ಎಲ್ಲರೂ ನೆನೆದರು. ಹಳೆಯ ಕಟ್ಟೋಣದ ತೂಕ, ದಪ್ಪ ಕಲ್ಲು, ಚಿಕ್ಕ ಬಾಗಿಲು ಇವೆಲ್ಲ ಖಂಡಿತ ನೆರವಾಗಿವೆ. ಆದರೆ ಇದರಿಂದ ಕಲ್ಲಿನಲ್ಲಿ ಕಟ್ಟಿದರೆ ಸಾಕು ಅನ್ನುವ ಪಾಠ ತೆಗೆದುಕೊಂಡರೆ ಮೋಸ ಹೋಗುತ್ತೇವೆ. ದೇವಸ್ಥಾನ ಮುಳುಗಿತು, ಒಳಗೆ ಹೂಳು ತುಂಬಿತು, ಆದರೆ ಅದರ ಕೆಳಗಿನ ನೆಲ ಜಾಗ ಬಿಡಲಿಲ್ಲ. ನೆಲ ನಿಂತರೆ ಕಟ್ಟಡ ನಿಲ್ಲುತ್ತದೆ. 2019ರ ಆಗಸ್ಟಿನಲ್ಲಿ ಕುಶಾಲನಗರದ ಬಡಾವಣೆಗಳಿಗೆ ಕಾವೇರಿ ನುಗ್ಗಿದಾಗಲೂ ಹಾಗೇ ಆಯಿತು. ಮನೆಗಳೊಳಗೆ ನೀರು ನಿಂತಿತು, ಪಾತ್ರೆ ಪಗಡ ಹಾಸಿಗೆ ಎಲ್ಲ ಹಾಳಾಯಿತು. ನೀರಿಳಿದ ಮೇಲೆ ಜನ ಕೆಸರು ತೊಳೆದು ಅದೇ ಮನೆಗೆ ವಾಪಸ್ ಹೋದರು. ಹಿಂದಿನ ವರ್ಷ ಅದೇ ಜಿಲ್ಲೆಯ ಜೋಡುಪಾಲದಲ್ಲಿ ಗುಡ್ಡವೇ ಮಣ್ಣು ಮರದ ಸಮೇತ ಇಳಿದು ಬಂದಾಗ ಕೆಲವರಿಗೆ ವಾಪಸ್ ಹೋಗಲು ಮನೆಯೂ ಇರಲಿಲ್ಲ, ಜಾಗವೂ ಇರಲಿಲ್ಲ. ಮನಾಲಿಯದು ಈ ಎರಡನೆಯ ಜಾತಿ.

ತಡೆಗೋಡೆ ಇರಲಿಲ್ಲವೇ? ಇತ್ತು. ಅಲ್ಲಿಯವರು ಡಂಗಾ ಅನ್ನುತ್ತಾರೆ. ತಂತಿಯ ಬಲೆಯೊಳಗೆ ಕಲ್ಲು ತುಂಬಿದ ಕ್ರೇಟ್ ಗೋಡೆಗಳು, ಕಾಂಕ್ರೀಟ್ ಗೋಡೆಗಳು ಎರಡೂ ಇದ್ದವು. ಗೋಡೆ ಎಷ್ಟು ಎತ್ತರ ಇದೆ ಅಂತ ಎಲ್ಲರೂ ನೋಡುತ್ತಾರೆ, ನದಿತಳದಿಂದ ಕೆಳಗೆ ಎಷ್ಟು ಆಳ ಹೋಗಿದೆ ಅಂತ ಯಾರೂ ಕೇಳುವುದಿಲ್ಲ. ನೆರೆಯಲ್ಲಿ ನದಿತಳವೇ ಮೀಟರುಗಟ್ಟಲೆ ಕೊರೆದು ಕೆಳಗಿಳಿಯುತ್ತದೆ. ಗೋಡೆಯ ಪಾಯ ಅದಕ್ಕಿಂತ ಮೇಲಿದ್ದರೆ ಮೊದಲು ಗೋಡೆ, ಆಮೇಲೆ ಅದರ ಹಿಂದಿನ ಮನೆ. ಸೇತುವೆ ಕಟ್ಟುವಾಗ ಈ ಕೊರೆತದ ಆಳ ಲೆಕ್ಕ ಹಾಕಿ, ಪಾಯವನ್ನು ಅದಕ್ಕಿಂತ ಕೆಳಗೆ ಇಳಿಸಲೇಬೇಕು ಅಂತ ನಿಯಮವಿದೆ. ಅದೇ ನದಿಯ ಪಕ್ಕ ಐವತ್ತು ಜನ ಮಲಗುವ ಹೋಟೆಲಿಗೆ ಆ ಲೆಕ್ಕವನ್ನು ಯಾರೂ ಕೇಳುವುದಿಲ್ಲ. ನನಗೆ ಸಿಟ್ಟು ಬರುವುದು ಇಲ್ಲಿ. ಹೆದ್ದಾರಿ ಅಗಲ ಮಾಡುವಾಗ ನದಿಯ ಜಾಗವನ್ನು ಒತ್ತಿದ್ದು, ಬೆಟ್ಟ ಕಡಿದ ಮಣ್ಣು ನದಿಗೆ ಸೇರಿದ್ದು ಇವೂ ಸೇರಿಕೊಂಡವು ಅಂತ ಭೂವಿಜ್ಞಾನಿಗಳೂ ಸ್ಥಳೀಯರೂ ಹೇಳುತ್ತಲೇ ಬಂದಿದ್ದಾರೆ. ಒಂದು ಕಡೆ ಗೋಡೆ ಕಟ್ಟಿ ನದಿಯನ್ನು ತಳ್ಳಿದರೆ ಅದು ಎದುರು ದಡಕ್ಕೆ ಹೋಗಿ ಬಡಿಯುತ್ತದೆ. ಆ ದಡದವನು ತಾನು ಏನೂ ಮಾಡದೆ ಮನೆ ಕಳೆದುಕೊಳ್ಳುತ್ತಾನೆ.

ದುಡ್ಡಿನ ವಿಷಯ. ಪೂರ್ತಿ ಹಾಳಾದ ಮನೆಗೆ ಇದ್ದ 1.30 ಲಕ್ಷ ರೂಪಾಯಿ ಪರಿಹಾರವನ್ನು ಹಿಮಾಚಲ ಸರ್ಕಾರ ಆ ವರ್ಷ 7 ಲಕ್ಷಕ್ಕೆ ಏರಿಸಿತು. ಅದು ಒಳ್ಳೆಯ ಕೆಲಸ. ಆದರೆ ಮನೆ ಕಟ್ಟುವುದು ಎಲ್ಲಿ? ಸೈಟೇ ಈಗ ನದಿ. ರಾಜ್ಯದ ನೆಲದಲ್ಲಿ ಸುಮಾರು ಮೂರನೇ ಎರಡು ಪಾಲು ದಾಖಲೆಯಲ್ಲಿ ಅರಣ್ಯ. ಜಾಗ ಕಳೆದುಕೊಂಡವನಿಗೆ ಬೇರೆ ಜಾಗ ಕೊಡಬೇಕೆಂದರೆ ಕೇಂದ್ರದ ಅರಣ್ಯ ಕಾನೂನು ಅಡ್ಡ ಬರುತ್ತದೆ. ಕೊಡಗಿನಲ್ಲಿ ನದಿ ದಡದ ಕುಟುಂಬಗಳಿಗೆ ಬೇರೆ ಜಾಗ ಹುಡುಕಲು ಎಷ್ಟು ಒದ್ದಾಟವಾಯಿತು ಅಂತ ನೋಡಿದವರಿಗೆ ಇದು ಅರ್ಥವಾಗುತ್ತದೆ.

ವಿಮೆ ಇದೆಯಲ್ಲ ಅಂತ ಧೈರ್ಯವಾಗಿರುವವರು ಪಾಲಿಸಿ ತೆಗೆದು ಒಮ್ಮೆ ಓದಿ. 2021ರಿಂದ ಮನೆಗಳಿಗೆ ಇರುವ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ನೆರೆ ಸೇರಿದೆ, ಭೂಕುಸಿತ ಸೇರಿದೆ, ನೆಲ ಕುಸಿಯುವುದೂ ಸೇರಿದೆ. ಆದರೆ ನೆಲ ಕುಸಿಯುವ ಕಲಮಿನ ಪಕ್ಕದಲ್ಲೇ ಹೊರಗಿಟ್ಟಿರುವ ಕಾರಣಗಳ ಪಟ್ಟಿ ಇದೆ. ಅದರಲ್ಲಿ ಕಡಲ್ಕೊರೆತ, ನದಿ ಕೊರೆತ ಎರಡೂ ಇವೆ. ಉಳ್ಳಾಲ ಕಡೆಯವರಿಗೆ ಆ ಮೊದಲನೆಯದು ಹೊಸದಾಗಿ ಹೇಳಬೇಕಾಗಿಲ್ಲ. ನೆರೆಯ ನೀರಿನಿಂದ ಬಿತ್ತೋ, ದಡ ಕೊರೆದು ಬಿತ್ತೋ ಅನ್ನುವ ಪ್ರಶ್ನೆ ಬಂದರೆ ಉತ್ತರ ಕೊಡಲು ನಿಮ್ಮ ಹತ್ತಿರ ಕಟ್ಟಡವೂ ಇರುವುದಿಲ್ಲ, ನೆಲವೂ ಇರುವುದಿಲ್ಲ. ಮೊದಲೇ ಕಂಪನಿಯಿಂದ ಬರಹದಲ್ಲಿ ಸ್ಪಷ್ಟನೆ ತೆಗೆದಿಟ್ಟುಕೊಳ್ಳಿ, ಪ್ರತಿ ಮಳೆಗಾಲಕ್ಕೆ ಮುಂಚೆ ದಡದ ಫೋಟೊ ತಾರೀಕಿನ ಸಮೇತ ತೆಗೆದಿಡಿ. ನೆಲದ ಬೆಲೆಯನ್ನಂತೂ ಮನೆ ವಿಮೆ ಕೊಡುವುದಿಲ್ಲ.

ನೆರೆಯ ನಂತರ ನಿಯಮಗಳು ಸ್ವಲ್ಪ ಬಿಗಿಯಾದವು. ನಾಲಾದಿಂದ 5 ಮೀಟರ್, ಖಡ್ಡಿನಿಂದ 7 ಮೀಟರ್ ದೂರ ಬಿಟ್ಟು ಕಟ್ಟಬೇಕು ಅಂತ ರಾಜ್ಯ ಸರ್ಕಾರ ತೀರ್ಮಾನಿಸಿತು. ನನಗೆ ಇದು ತೀರಾ ಕಮ್ಮಿ ಅನ್ನಿಸುತ್ತದೆ. ದಡವೇ ಒಂದು ರಾತ್ರಿಯಲ್ಲಿ ಹತ್ತಿಪ್ಪತ್ತು ಮೀಟರ್ ಹಿಂದೆ ಸರಿಯಬಲ್ಲ ಸಡಿಲ ನೆಲದಲ್ಲಿ ಇವತ್ತಿನ ದಡದಿಂದ ಟೇಪು ಹಿಡಿದು ಅಳೆದರೆ ಏನು ಬಂತು? ಅಳತೆ ಎತ್ತರದ್ದಾಗಬೇಕು, ನೆಲ ಎಂಥದ್ದು ಅನ್ನುವುದನ್ನು ನೋಡಿ ಆಗಬೇಕು. ಇನ್ನೊಂದು ಕಡೆ 2023ರ ನೆರೆ ತಂದು ಹಾಕಿದ ಕಲ್ಲುಮಣ್ಣಿನಿಂದ ಎಷ್ಟೋ ಕಡೆ ನದಿತಳ ಮೇಲೆದ್ದಿದೆ, ಅದನ್ನು ತೆಗೆಸಿ ಅಂತ ಅಲ್ಲಿಯ ಜನ ಕೇಳುತ್ತಲೇ ಇದ್ದರು. ತಳ ಮೇಲೆದ್ದರೆ ಮುಂದಿನ ಸಲ ಅಷ್ಟೇ ನೀರು ಬಂದರೂ ಮಟ್ಟ ಜಾಸ್ತಿ ಏರುತ್ತದೆ. 2025ರ ಆಗಸ್ಟ್ ಕೊನೆಯ ವಾರದಲ್ಲಿ ಬಿಯಾಸ್ ಮತ್ತೆ ಉಕ್ಕಿತು. ಮನಾಲಿ ಹತ್ತಿರ ರಸ್ತೆ ಮತ್ತೆ ಹೋಯಿತು, ದಡದ ಅಂಗಡಿಗಳು ಹೋದವು. ಒಂದು ರೆಸ್ಟೋರೆಂಟಿನ ಮುಂದಿನ ಗೋಡೆ ಮಾತ್ರ ನಿಂತಿತ್ತು, ಅದರ ಹಿಂದಿನದೆಲ್ಲ ನದಿ ಪಾಲಾಗಿತ್ತು.

ಸಕಲೇಶಪುರ, ಮಡಿಕೇರಿ, ಮೂಡಿಗೆರೆ ಕಡೆ ಹೊಳೆ ಪಕ್ಕ ಜಾಗ ನೋಡುತ್ತಿರುವವರು ನನ್ನನ್ನು ಕೇಳಿದರೆ ಇಷ್ಟು ಹೇಳುತ್ತೇನೆ. ಬೇಸಿಗೆಯಲ್ಲಿ ಜಾಗ ನೋಡಿ ಅಡ್ವಾನ್ಸ್ ಕೊಡಬೇಡಿ. ಜೆಸಿಬಿ ತರಿಸಿ ಎರಡಾಳು ಆಳದ ಗುಂಡಿ ತೆಗೆಸಿ, ಕೆಳಗೆ ನುಣ್ಣನೆ ಗುಂಡುಕಲ್ಲು, ಮರಳು ಬಂದರೆ ಅದು ಹೊಳೆಯ ಹಳೆಯ ಹಾದಿ. ತಿರುವಿನ ಹೊರದಡವೋ ಒಳದಡವೋ ಗೂಗಲ್ ಅರ್ಥ್‌ನಲ್ಲಿ ಹಳೆಯ ಚಿತ್ರಗಳನ್ನು ಹಿಂದೆ ಹಿಂದೆ ಹಾಕಿ ನೋಡಿ, ದಡ ಸರಿದಿದ್ದರೆ ಗೊತ್ತಾಗುತ್ತದೆ. ಮಾರುವವರನ್ನು ಬಿಟ್ಟು ಪಕ್ಕದ ತೋಟದ ಹಿರಿಯರನ್ನು ಕೇಳಿ, ನೀರು ಎಲ್ಲಿಯವರೆಗೆ ಬಂದಿತ್ತು ಅಂತ ಅವರು ಮರ ತೋರಿಸಿ ಹೇಳುತ್ತಾರೆ. ಆ ಮರಕ್ಕಿಂತ ಮೇಲೆ ಗಟ್ಟಿ ನೆಲ ಸಿಕ್ಕರೆ ಅಲ್ಲಿ ಕಟ್ಟಿ, ಹೊಳೆ ಪಕ್ಕ ಅಡಿಕೆಯೋ ಬಿದಿರೋ ಹಾಕಿ. ಮೇಲೆ ಜಾಗವೇ ಇಲ್ಲ, ಇರುವುದೆಲ್ಲ ಹೊಳೆಯ ಹೊರದಡದ ಮೇಲೇ ಅಂತಾದರೆ, ಬೆಲೆ ಎಷ್ಟೇ ಇಳಿಸಿದರೂ ಆ ಜಾಗ ಬಿಟ್ಟುಬಿಡಿ.